ಹುರ್ರೆಮ್ ಕಳಿಸಿದ ಆರು ಕರವಸ್ತ್ರ

ಒಟ್ಟೊಮನ್ ದೊರೆ ಸುಲೇಮಾನನ ಹೆಂಡತಿ ಹುರ್ರೆಮ್ ಸುಲ್ತಾನಳ ಬಗ್ಗೆ ಓದುತ್ತಾ ನಿನ್ನೆ ನಿದ್ದೆಗೆಟ್ಟೆ. ಇಂದಿನ ಪಶ್ಚಿಮ ಉಕ್ರೇನಿನ ಕಡೆಯ ಹುಡುಗಿ. ಕ್ರಿಮಿಯಾದ ತಾತಾರರು ಹೊತ್ತೊಯ್ದು ಮಾರಿದರು. ಇಸ್ತಾನ್‌ಬುಲ್‌ನ ಅಂತಃಪುರಕ್ಕೆ ದಾಸಿಯಾಗಿ ಬಂದಳು. ಒಬ್ಬ ದಾಸಿಗೆ ಒಂದೇ ಗಂಡುಮಗು ಎಂಬುದು ಅಲ್ಲಿನ ರೂಢಿ. ಇವಳಿಗೆ ಒಬ್ಬರ ಹಿಂದೊಬ್ಬರು! 1534ರ ಸುಮಾರಿಗೆ ಸುಲ್ತಾನ ಅವಳನ್ನು ದಾಸ್ಯದಿಂದ ಬಿಡಿಸಿ ಮದುವೆಯೇ ಆದ. ಮಾಟ ಮಾಡಿದ್ದಾಳೆ ಎಂದು ಜನ ಆಡಿಕೊಂಡರು. ಬುದ್ಧಿವಂತೆ ಎನ್ನಲು ಬಾಯಿ ಬರಬೇಕಲ್ಲ.

ನನಗೆ ಹಿಡಿಸಿದ್ದು ಅವಳ ಕಾಗದಗಳು. ದಂಡಯಾತ್ರೆಯಲ್ಲಿದ್ದ ಗಂಡನಿಗೆ ವಿರಹದ ಜೊತೆ ರಾಜಧಾನಿಯ ಸುದ್ದಿಯನ್ನೂ ಬರೆಯುತ್ತಿದ್ದಳು. ಪೋಲೆಂಡಿನ ದೊರೆ ಎರಡನೆಯ ಸಿಗಿಸ್ಮಂಡನಿಗೆ ಪತ್ರದೊಂದಿಗೆ ಕಳಿಸಿದ ಉಡುಗೊರೆ ನೋಡಿ: ಎರಡು ಜೊತೆ ಅಂಗಿ-ಪೈಜಾಮ, ಆರು ಕರವಸ್ತ್ರ, ಕೈ ಒರೆಸುವ ಒಂದು ಬಟ್ಟೆ. ಅವಳು ಹುಟ್ಟಿದ ಸೀಮೆ ಆಗ ಆಳ್ವಿಕೆಗೆ ಒಳಪಟ್ಟಿದ್ದು ಇದೇ ಪೋಲೆಂಡಿಗೆ! ಮಾರಾಟವಾಗಿದ್ದ ಹುಡುಗಿ ಈಗ ಆ ದೊರೆಗೆ ಸರಿಸಮಳಾಗಿ ಬಟ್ಟೆ ಕಳಿಸುತ್ತಿದ್ದಾಳೆ.

1553ರಲ್ಲಿ ಸವತಿಯ ಮಗ ಮುಸ್ತಫಾನನ್ನು ಕೊಲ್ಲಿಸಿದ ಅಪವಾದವೂ ಅವಳ ಮೇಲಿದೆ. ಆಜ್ಞೆ ಕೊಟ್ಟವನು ಅಪ್ಪ, ಬೈಗುಳ ಮಲತಾಯಿಗೆ. ಕೈವಾಡವೇ ಇರಲಿಲ್ಲ ಎಂದು ನಾನೂ ವಾದಿಸಲಾರೆ. ಪಟ್ಟಕ್ಕೆ ಬಂದವನು ಸೋದರರನ್ನು ಕೊಲ್ಲಿಸುವುದು ಅಲ್ಲಿನ ವಾಡಿಕೆ; ಮುಸ್ತಫಾ ಪಟ್ಟಕ್ಕೆ ಬಂದಿದ್ದರೆ ಇವಳ ಮಕ್ಕಳು ಉಳಿಯುವ ಭರವಸೆ ಇರಲಿಲ್ಲ.