ನಕ್ಷೆಯ ತುಂಡುಗೆರೆ, ಮೀನಿನ ತವರುದಾರಿ

ಜಲಾನಯನ ಯೋಜನೆಯ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಮೊದಲ ಮಳೆಯ ರಾತ್ರಿ ಫೋನ್ ಬಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಕಾರಣ ಒಂದು ಚೆಕ್ ಡ್ಯಾಮ್, ಮಣ್ಣು ನೀರು ತಡೆಯಲು ಹಳ್ಳಕ್ಕೆ ಅಡ್ಡ ಕಟ್ಟುವ ಗಿಡ್ಡ ಗೋಡೆ. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ.

ಆ ಯೋಜನೆ ಇದ್ದದ್ದೇ ನದಿಯ ಮೀನು ಉಳಿಸಲು. ಗುಡ್ಡದ ಮಣ್ಣು ಕೊಚ್ಚಿ ಬಂದು ನದಿತಳದ ಜಲ್ಲಿಯ ಸಂದು ಮುಚ್ಚಿದರೆ, ಅಲ್ಲಿಟ್ಟ ಮೊಟ್ಟೆ ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಮಣ್ಣು ತಡೆಯಬೇಕು, ಬೇಸಿಗೆಗೂ ಹರಿವು ಉಳಿಯಬೇಕು. ನಕ್ಷೆಯಲ್ಲಿ ಇಳಿಜಾರು (ಸ್ಲೋಪ್ ಲೇಯರ್), ಹಳ್ಳದ ದರ್ಜೆ (ಸ್ಟ್ರೀಮ್ ಆರ್ಡರ್) ಎಲ್ಲ ನೋಡಿಯೇ ಸೈಟ್ ಗುರುತಿಸಿದ್ದೆ. ಆದರೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿಯ ಗಡುವು ಮಳೆಗಾಲಕ್ಕೆ ಮುಂಚೆ ಇದ್ದುದರಿಂದ ಟ್ರಾನ್ಸೆಕ್ಟ್ ವಾಕ್ (ಜಾಗದುದ್ದಕ್ಕೂ ನಡೆದು ನೋಡುವ ಸಮೀಕ್ಷೆ) ಮಾಡಿದ್ದು ಕಡುಬೇಸಿಗೆಯಲ್ಲಿ. ಹಳ್ಳ ಒಣಗಿ ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳವೆಂದು ನಕ್ಷೆಯಲ್ಲಿ ಅದಕ್ಕೊಂದು ತುಂಡುಗೆರೆ ಎಳೆದೆ.

ಸಭೆಯಲ್ಲಿ ನಕ್ಷೆ ಹಾಸಿದಾಗ, ಬಲೆ ಹಾಕಿಯೇ ಬದುಕು ಕಳೆದ ಅಜ್ಜರೊಬ್ಬರು ಬಗ್ಗಿ ಆ ಗೆರೆಯ ಮೇಲೆ ಬೆರಳಿಟ್ಟರು. "ಸಾರ್, ಇಲ್ಲಿ ಮಾತ್ರ ಕಟ್ಬೇಡಿ. ಹತ್ತುಮೀನು ಹೆರಿಗೆಗೆ ತವರಿಗೆ ಹೋಗೋ ದಾರಿ ಇದು." ಮೊದಲ ಮಳೆಗೆ ಮೊಟ್ಟೆಯಿಡಲು ಹಳ್ಳ ಹತ್ತಿ ಹೋಗುವ ಮೀನಿಗೆ ಅವರು ಹೇಳುವುದು ಹತ್ತುಮೀನು ಎಂದು.

"ಬರ್ಕೊಂಡಿದೀನಿ ಅಜ್ಜ" ಎಂದೆ. ಬರೆದುಕೊಂಡದ್ದು ನಿಜ, 'ಇತರೆ ಅಭಿಪ್ರಾಯ' ಕಾಲಮಿನಲ್ಲಿ. ಅದನ್ನು ಮೇಲೆ ಯಾರೂ ಓದುವುದಿಲ್ಲವೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಇವತ್ತಿಗೂ ಚುಚ್ಚುವುದು ಅದೇ.

ಅಣೆಕಟ್ಟು ಮೀನಿನ ದಾರಿ ಕಡಿಯುತ್ತದೆಂದು ತಿಳಿಯದವನೇನಲ್ಲ. ಅಮೆರಿಕದ ಎಲ್ವಾ ನದಿಗೆ 1913ರಲ್ಲಿ ಮೀನಿಗೆ ದಾರಿ ಬಿಡದೆ ಕಟ್ಟಿದ ಅಣೆಕಟ್ಟು, ಅದೇ ನದಿಯಲ್ಲಿ ಇನ್ನೂ ಮೇಲಕ್ಕೆ ಆಮೇಲೆ ಕಟ್ಟಿದ ಇನ್ನೊಂದು, ಎರಡನ್ನೂ 2011ರಿಂದ 2014ರೊಳಗೆ ಒಡೆದದ್ದು, ಸಾಲ್ಮನ್ ಮತ್ತೆ ಮೇಲೆ ಹತ್ತಿದ್ದು, ಇದನ್ನೆಲ್ಲ ತರಬೇತಿಯಲ್ಲಿ ನಾನೇ ಪಾಠ ಮಾಡುತ್ತಿದ್ದೆ. ಆದರೆ ಆ ಮೊದಲಿನದು ಸುಮಾರು 33 ಮೀಟರ್ ಎತ್ತರದ್ದು. ಸೊಂಟದೆತ್ತರದ ನನ್ನ ಗೋಡೆಗೂ ಆ ಪಾಠ ಸಲ್ಲುತ್ತದೆಂದು ಹೊಳೆಯಲೇ ಇಲ್ಲ.

ಗೋಡೆ ಅಲ್ಲೇ ಎದ್ದಿತು. ಮರುವರ್ಷದ ಮೊದಲ ದೊಡ್ಡ ಮಳೆ. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು, ಹೋದೆ. ಟಾರ್ಚ್ ಬೆಳಕಿನಲ್ಲಿ ಕೆಂಪು ನೀರು. ಮೀನು ಜಿಗಿಯಬೇಕಾದರೆ ಕೆಳಗೆ ಆಳದ ಮಡು ಬೇಕು. ಇಲ್ಲಿ ಗೋಡೆಯ ಬುಡದಲ್ಲಿ ಕಾಂಕ್ರೀಟ್ ಹಾಸು (ಏಪ್ರನ್), ಅದರ ಮೇಲೆ ಎರಡು ಬೆರಳಿನಷ್ಟು ನೀರು. ಒಂದೊಂದೇ ಎದ್ದು ಗೋಡೆಗೆ ಬಡಿದು ಬೀಳುವ ಸದ್ದು ಮಳೆಯ ನಡುವೆಯೂ ಕೇಳುತ್ತಿತ್ತು. ಒಂದನ್ನು ಎತ್ತಿಕೊಂಡೆ. ಹೊಟ್ಟೆ ಬಿಗಿದಿತ್ತು. ಹಿಡಿದಷ್ಟಕ್ಕೇ ಸಾಸಿವೆಯಂಥ ಮೊಟ್ಟೆಗಳು ಅಂಗೈಗೆ ಇಳಿದವು. ಅಜ್ಜ ಏನೂ ಅನ್ನಲಿಲ್ಲ, ಬಕೆಟ್ ಚಾಚಿದರು. ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಎರಡರವರೆಗೆ ಹತ್ತು ಹನ್ನೆರಡು ಜನ ಸೇರಿ ಹಿಡಿಹಿಡಿದು ಗೋಡೆಯಾಚೆ ಬಿಟ್ಟೆವು. ಎಷ್ಟೋ ಮೀನು ಅಲ್ಲೇ ಸತ್ತವು.

ಮೇಲಿನ ತಗ್ಗುಗಳಲ್ಲಿ ಹೊಸ ಮಳೆಯ ನೀರು ತೆಳ್ಳಗೆ, ಬೆಚ್ಚಗೆ ನಿಲ್ಲುತ್ತದೆ. ಮರಿಗಳಿಗೆ ಬೇಕಾದ ಸಣ್ಣ ಜೀವಿಗಳು ಅಲ್ಲಿ ಹುಲುಸು, ದೊಡ್ಡ ಮೀನಿನ ಕಾಟವೂ ಕಡಿಮೆ. ಅಲ್ಲಿಗೆ ಹೋಗುವ ದಾರಿ ತೆರೆದಿರುವುದು ವರ್ಷದಲ್ಲಿ ಕೆಲವೇ ದಿನ. ಒಣಹಳ್ಳದಲ್ಲಿ ನಡೆದವನಿಗೆ ಅದು ಕಾಣುವುದೆಲ್ಲಿ?

ಸರಿಪಡಿಸಲು ಎಂಟು ತಿಂಗಳು ಹಿಡಿಯಿತು. ಸ್ಟ್ರಕ್ಚರ್ ಮುಟ್ಟಿದರೆ ಆಡಿಟ್ ಆಬ್ಜೆಕ್ಷನ್ ಬರುತ್ತದೆಂದು ಫೈಲ್ ಮೂರು ಸಲ ವಾಪಸ್ ಬಂತು. ಕೊನೆಗೆ ಗೋಡೆಯ ನಡುವೆ ಕಿಂಡಿ ಕೊಯ್ದು, ಕೆಳಗೆ ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ದೊಡ್ಡ ಕಲ್ಲುಗಳನ್ನು ಜೋಡಿಸಿದೆವು. ಮೀನು ದಣಿವಾರಿಸಿಕೊಳ್ಳಲು ಯಾವ ಕಲ್ಲಿನ ಹಿಂದೆ ಎಷ್ಟು ಜಾಗ ಬಿಡಬೇಕೆಂದು ತೋರಿಸಿದ್ದು ಅಜ್ಜರೇ.

ಡಿಒ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕದ ರೀಡಿಂಗಿನದೂ ಇದೇ ಪಾಡು, ನೋಡುವುದು ತಪ್ಪು ಹೊತ್ತಿನಲ್ಲಿ. ಮಡುವಿನಲ್ಲಿ ಆಮ್ಲಜನಕ ಅತಿ ಕಡಿಮೆಯಿರುವುದು ನಸುಕಿಗೆ, ರಾತ್ರಿಯಿಡೀ ಪಾಚಿಯೂ ಉಸಿರಾಡಿ ಮುಗಿಸಿರುತ್ತದೆ. ಆಫೀಸಿನ ಗಾಡಿ ಹೊರಡುವುದೇ ಒಂಬತ್ತಕ್ಕೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಪ್ರೋಬ್ ಇಳಿಸಿ 'ಉತ್ತಮ' ಎಂದು ಬರೆಯುತ್ತಿದ್ದೆವು. ಈಗ ಬೆಳಿಗ್ಗೆ ಐದಕ್ಕೆ ನನ್ನ ಬೈಕಿನಲ್ಲೇ ಹೋಗುತ್ತೇನೆ.

ಹೊಸ ಸರ್ವೆಗಳಲ್ಲಿ ಮೊದಲ ಮಳೆಯ ವಾರ ನಾನು ರಜೆ ಹಾಕಿಯಾದರೂ ಹಳ್ಳದ ದಡದಲ್ಲಿರುತ್ತೇನೆ. ಟೆಂಪ್ಲೇಟಿಗೆ 'ಮೀನು ಹತ್ತುವ ದಾರಿ' ಎಂಬ ಕಾಲಮ್ ಸೇರಿಸಿ ಕಳಿಸಿದ್ದೆ. 'ಅಗತ್ಯವಿದೆಯೇ?' ಎಂಬ ಷರಾದೊಂದಿಗೆ ವಾಪಸ್ ಬಂತು. ಆ ರಾತ್ರಿಯ ಫೋಟೋ ಲಗತ್ತಿಸಿ ಮತ್ತೆ ಕಳಿಸಿದ್ದೇನೆ.