ಜಗುಲಿಯ ಮೇಲಿನ ಸುರುಳಿ ಕಲ್ಲು ಯಾವ ಸಮುದ್ರದ್ದು?

ರಾಯಚೂರಿನ ನಮ್ಮ ಮನೆಯ ದೇವರ ಜಗುಲಿ ಮೇಲೆ, ಸಾಲಿಗ್ರಾಮದ ಸಂಪುಟದ ಹೊರಗೆ, ಹಿತ್ತಾಳೆ ತಟ್ಟೆಯಲ್ಲಿ ಕಿರುಬೆರಳಷ್ಟು ಉದ್ದದ ಒಂದು ಕಲ್ಲಿದೆ. ಸ್ಕ್ರೂ ಥರ ತಿರುಚಿಕೊಂಡು ತುದಿ ಕಡೆ ಸಣ್ಣಗಾಗುತ್ತಾ ಹೋಗುತ್ತದೆ. ಅಜ್ಜನ ಕಾಲದ್ದು. ಅದೂ ಒಂದು ಬಗೆಯ ಸಾಲಿಗ್ರಾಮ ಅಂತಲೇ ನಾವೆಲ್ಲ ನಂಬಿದ್ದೆವು.

ಅಲ್ಲ. ನೇಪಾಳದ ಗಂಡಕಿಯಿಂದ ಬರುವ ಸಾಲಿಗ್ರಾಮದೊಳಗೆ ಇರುವುದು ಅಮೊನೈಟ್, ಅಂದರೆ ಸ್ಕ್ವಿಡ್‌ಗಳ ಹಳೇ ನೆಂಟ. ಅದರ ಸುರುಳಿ ಚಕ್ಕುಲಿ ಹಾಗೆ ಒಂದೇ ಮಟ್ಟದಲ್ಲಿ ಸುತ್ತುತ್ತದೆ, ಒಳಗೆ ಗೋಡೆ ಕಟ್ಟಿದ ಕೋಣೆಗಳಿರುತ್ತವೆ. ನಮ್ಮ ಕಲ್ಲಿನದು ಮೇಲಕ್ಕೇರುವ ಸುರುಳಿ. ಮುರಿದ ಕಡೆ ನೋಡಿದರೆ ಒಳಗೆ ಗೋಡೆಯೇ ಇಲ್ಲ. ಹಾಗಾಗಿ ಇದು ಬಸವನಹುಳು.

ಊರಿನದಂತೂ ಆಗಿರಲು ಸಾಧ್ಯವಿಲ್ಲ. ನಮ್ಮ ಕೋಟೆ ಗುಡ್ಡದ ಗ್ರಾನೈಟ್, ಸುತ್ತಲಿನ 'ನೈಸ್' (gneiss) ಅನ್ನುವ ಪಟ್ಟೆಪಟ್ಟೆ ಬಂಡೆ, ಇವೆಲ್ಲ ಸುಮಾರು 250 ಕೋಟಿ ವರ್ಷದವು, ಕೆಲವು ಕಡೆ ಇನ್ನೂ ಹಳೆಯವು. ಚಿಪ್ಪಿನ ಪ್ರಾಣಿಗಳು ಹುಟ್ಟಿದ್ದೇ ಸುಮಾರು 54 ಕೋಟಿ ವರ್ಷದ ಹಿಂದೆ. ಅಂದರೆ ಯಾರೋ ಹೊರಗಿನಿಂದ ತಂದಿದ್ದಾರೆ.

ನೋಡಿದ ಕೂಡಲೇ ಮನಸ್ಸಿಗೆ ಬಂದ ಹೆಸರು ಟರಿಟೆಲ್ಲಾ. 1799ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ ಇಟ್ಟ ಹೆಸರು. ಗೋಪುರದಂಥ ಸಮುದ್ರದ ಬಸವನಹುಳು, ಈಗಲೂ ನಮ್ಮ ಕರಾವಳಿಯಲ್ಲಿ ಬದುಕಿದೆ. ಆದರೆ ಆಕಾರ ನೋಡಿ ಹೆಸರಿಟ್ಟುಬಿಡುವುದು ಬಹಳ ಅಪಾಯ. ಅಮೆರಿಕದ ವಯೋಮಿಂಗ್‌ನಲ್ಲಿ ಸಿಗುವ ಸುಮಾರು 5 ಕೋಟಿ ವರ್ಷದ ಒಂದು ಕಲ್ಲನ್ನು ಇವತ್ತಿಗೂ 'ಟರಿಟೆಲ್ಲಾ ಅಗೇಟ್' ಅಂತ ಮಾರುತ್ತಾರೆ. ಅದರೊಳಗಿರುವುದು ಎಲಿಮಿಯಾ ಟೆನೆರಾ, ಸಿಹಿನೀರಿನ ಹುಳು. ಸಮುದ್ರವನ್ನೇ ಕಾಣದ ಜೀವಿಗೆ ಸಮುದ್ರದ ಹೆಸರು!

ಅಂಥದ್ದೇ ವೇಷದ ಸಿಹಿನೀರಿನ ಹುಳು ನಮ್ಮಲ್ಲೂ ಇದೆ ಅಲ್ವಾ, ಮೆಲನಾಯ್ಡಿಸ್ ಅಂತ. ಹೋದ ಬೇಸಿಗೆಯಲ್ಲಿ ಮಾನ್ವಿ ಕಡೆ ಮಾವನ ಭತ್ತದ ಗದ್ದೆಗೆ ಹೋದಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೆಸರಿನಿಂದ ಒಂದು ಹಿಡಿ ಚಿಪ್ಪು ಆರಿಸಿಕೊಂಡು ಬಂದೆ. ಕಲ್ಲಿನ ಪಕ್ಕ ಇಟ್ಟು ಲೆನ್ಸ್ ಹಿಡಿದು ನೋಡಿದೆ. ಕಾಲುವೆಯ ಚಿಪ್ಪಿನಲ್ಲಿ ಮೇಲಿಂದ ಕೆಳಕ್ಕೆ ಏಣುಗಳಿವೆ, ಅವುಗಳ ಮೇಲೆ ಅಡ್ಡಗೆರೆ. ಕಲ್ಲಿನಲ್ಲಿ ಸುರುಳಿಯ ಜೊತೆ ಸುತ್ತಿ ಬರುವ ಏಣು ಮಾತ್ರ. ಟರಿಟೆಲ್ಲಾ ಇರುವುದೇ ಹಾಗೆ.

ಆದರೂ ಏಣು ಸವೆದಿವೆ, ಅದನ್ನೊಂದೇ ನಂಬುವ ಹಾಗಿಲ್ಲ. ನನಗೆ ಧೈರ್ಯ ಕೊಟ್ಟಿದ್ದು ಚಿಪ್ಪಿನ ಬಾಯಿಯಲ್ಲಿ ಗಟ್ಟಿಯಾದ ಹಳದಿ ಮಣ್ಣು. ಮುರಿದ ಅಂಚಿನಲ್ಲಿ ಚೂರೇ ಚೂರು ಗೀಚಿ ಆ ಪುಡಿಗೆ ನಿಂಬೆರಸ ಬಿಟ್ಟೆ, ಗುಳ್ಳೆ ಬಂತು, ಸುಣ್ಣದ ಕಲ್ಲು. ಅದೇ ಮಣ್ಣಿನಲ್ಲಿ ಉದ್ದುದ್ದ ಗೆರೆಯ ಒಂದು ಪುಟ್ಟ ಕಡ್ಡಿ ಸಿಕ್ಕಿಕೊಂಡಿದೆ. ಅದು ಕಡಲ ಮುಳ್ಳುಂಡೆಯ ಮುಳ್ಳು! ಆ ಗುಂಪಿನ ಒಂದೇ ಒಂದು ಪ್ರಾಣಿಯೂ ಸಿಹಿನೀರಿನಲ್ಲಿ ಬದುಕುವುದಿಲ್ಲ. ಅದನ್ನು ಗುರುತಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಯಾವ ಸಮುದ್ರ? ಮನೆಯಲ್ಲಿ ಎರಡು ಮಾತಿದೆ. ಅಜ್ಜ ದ್ವಾರಕೆಗೆ ಹೋಗಿ ಚಕ್ರಾಂಕಿತ (ಚಕ್ರದ ಗುರುತಿರುವ ಪೂಜೆಯ ಕಲ್ಲು) ತಂದಾಗ ಇದನ್ನೂ ತಂದರು ಅಂತ ಅಪ್ಪ ಹೇಳುತ್ತಾರೆ. ಸೋದರತ್ತೆ ಒಪ್ಪುವುದಿಲ್ಲ, 1991ರ ಗೋದಾವರಿ ಪುಷ್ಕರಕ್ಕೆ ರಾಜಮಂಡ್ರಿಗೆ ಹೋದಾಗ ಸಿಕ್ಕಿದ್ದು ಅನ್ನುತ್ತಾರೆ. ಅಮ್ಮನನ್ನು ಕೇಳಿದೆ. "ನಾ ಮದುವಿಯಾಗಿ ಬಂದಾಗೇ ಇದು ತಟ್ಟ್ಯಾಗ ಇತ್ತಪ್ಪ" ಅಂದರು. ಅವರ ಮದುವೆ 1986ರಲ್ಲಿ. ಅಲ್ಲಿಗೆ 1991 ಬಿತ್ತು. ಆದರೆ ಪುಷ್ಕರ 12 ವರ್ಷಕ್ಕೊಮ್ಮೆ ಬರುತ್ತದೆ, ಅದರ ಹಿಂದಿನದು 1979ರಲ್ಲಿ, ಅಜ್ಜ ಅದಕ್ಕೂ ಹೋಗಿದ್ದರಂತೆ. ಮತ್ತೆ ಮೊದಲಿನ ಜಾಗಕ್ಕೇ ಬಂದೆ.

ಕಲ್ಲೂ ಎರಡಕ್ಕೂ ಒಪ್ಪುತ್ತದೆ. ರಾಜಮಂಡ್ರಿ ಸುತ್ತ ಲಾವಾ ಪದರದ ಕೆಳಗಿನ ಸುಣ್ಣದ ಕಲ್ಲಿನಲ್ಲಿ ಟರಿಟೆಲ್ಲಾ ರಾಶಿ ರಾಶಿ ಇದೆ, ಅದು ಸುಮಾರು 6.6 ಕೋಟಿ ವರ್ಷದ್ದು, ಡೈನೋಸಾರ್‌ಗಳು ಅಳಿದ ಹೊತ್ತು. ದ್ವಾರಕೆ ಕಡೆಯ ಸಮುದ್ರದ ಪದರಗಳು ಮಯೋಸೀನ್ ಕಾಲದವು, ತೀರಾ ಹಳೆಯದೆಂದರೂ 2.3 ಕೋಟಿ ವರ್ಷ. ಅಜ್ಜ ಯಾವ ರೈಲು ಹತ್ತಿದ್ದರು ಅನ್ನುವುದರ ಮೇಲೆ ಈ ಹುಳುವಿನ ವಯಸ್ಸು 4 ಕೋಟಿ ವರ್ಷಕ್ಕಿಂತ ಜಾಸ್ತಿ ಆಚೀಚೆ ಆಗುತ್ತದೆ. ಒಂದು ಚೀಟಿಯಲ್ಲಿ ಊರಿನ ಹೆಸರು ಬರೆದಿಟ್ಟಿದ್ದರೆ ಸಾಕಿತ್ತು, ಅಜ್ಜ.

ಪ್ರಭೇದ ಹೇಳಬೇಕಾದರೆ ತುದಿಯ ಮೊದಲ ಸುತ್ತುಗಳು, ಪೂರ್ತಿ ಬಾಯಿ, ಚಿಪ್ಪು ಬೆಳೆದ ಗೆರೆಗಳ ಬಾಗು ಕಾಣಬೇಕು. ನಮ್ಮದರಲ್ಲಿ ತುದಿ ಮುರಿದಿದೆ, ಬೆಳೆದ ಗೆರೆಗಳು ಅಳಿಸಿಹೋಗಿವೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ 'ಟರಿಟೆಲ್ಲಾ ಎಸ್‌ಪಿ.' ಅಂತಷ್ಟೇ ಬರೆದಿದ್ದೇನೆ. ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ ಅಂತ ಅದರ ಅರ್ಥ. ಸುಮ್ನೆ ಒಂದು ಪೂರ್ತಿ ಹೆಸರು ಅಂಟಿಸಲು ನನಗೆ ಮನಸ್ಸಿಲ್ಲ.

ಇನ್ನೊಂದು ದಾರಿ ಉಳಿದಿದೆ. ಬಾಯಿಯ ಆ ಹಳದಿ ಮಣ್ಣಿನಲ್ಲಿ ಫೊರಾಮಿನಿಫೆರಾ ಅನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು ಇದ್ದರೆ, ಅವನ್ನು ಓದಬಲ್ಲವರು ಕಾಲ ಹೇಳಿಬಿಡುತ್ತಾರೆ. ಅದಕ್ಕೇ ಅದನ್ನು ಮುಟ್ಟದೆ ಬಿಟ್ಟಿದ್ದೇನೆ. ಏಣು ಸವೆದಿದ್ದು ಹೇಗೆ ಅಂತಲೂ ಗೊತ್ತಾಯಿತು. ಇಷ್ಟು ವರ್ಷ ಹಬ್ಬದ ಹಿಂದಿನ ದಿನ ಹಿತ್ತಾಳೆ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು, ಹುಳಿಗೆ ಸುಣ್ಣ ಕರಗುತ್ತದೆ. ಅಮ್ಮನಿಗೆ ಹೇಳಿದೆ. ಈ ಯುಗಾದಿಗೆ ತಟ್ಟೆ ಒಂದೇ ಬೆಳಗಿದರು, ಕಲ್ಲಿಗೆ ಬರೀ ನೀರು.