ಹೆಪ್ಪುಗಟ್ಟಿದ ಹೊಳೆಯಲ್ಲಿ ಗಾಳ: ದಾವಣಗೆರೆಯಿಂದ ಹ್ವಾಚೊನ್‌ವರೆಗೆ

2025ರ ಸಂಕ್ರಾಂತಿ ಕಳೆದ ಮರುವಾರ ನಾನೂ ನನ್ನ ಪತ್ನಿಯೂ ದಾವಣಗೆರೆಯಿಂದ ಹೊರಟು, ದಕ್ಷಿಣ ಕೊರಿಯಾದ ಹ್ವಾಚೊನ್ ಎಂಬ ಊರಿಗೆ ಹೋಗಿ, ಹೆಪ್ಪುಗಟ್ಟಿದ ಹೊಳೆಯ ಮೇಲೆ ನಿಂತು ಟ್ರೌಟ್ ಬಳಗದ ಮೀನು ಹಿಡಿದು ಬಂದೆವು. ಸುವೊನ್ ನಗರದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ಮೂರು ವರ್ಷಗಳಿಂದ ಕರೆಯುತ್ತಲೇ ಇದ್ದ. ಹರಿಹರದ ತುಂಗಭದ್ರೆಯ ದಡದಲ್ಲಿಯೂ ಸೂಳೆಕೆರೆಯ ಏರಿಯ ಮೇಲೂ ಬಾಲ್ಯದ ಬೇಸಿಗೆಗಳನ್ನು ಗಾಳ ಹಿಡಿದು ಕಳೆದವನಾದ ನನಗೆ, ನೀರೇ ಕಲ್ಲಿನಂತಾದ ಹೊಳೆಯಲ್ಲಿ ಮೀನು ಹಿಡಿಯುವುದನ್ನು ಒಮ್ಮೆ ಕಣ್ಣಾರೆ ಕಂಡು ಕಲಿಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಊರಿಗೆ ಮರಳಿದ ಮೇಲೆ ಮದುವೆಮನೆಗಳಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ ಹಲವರು ವಿವರ ಕೇಳಿದ್ದಾರೆ. ಅವರಲ್ಲಿ ಇಬ್ಬರು ಮುಂದಿನ ಚಳಿಗಾಲಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹ್ವಾಚೊನ್ ಕೊರಿಯಾದ ಈಶಾನ್ಯದ ಗ್ಯಾಂಗ್‌ವೊನ್ ಪ್ರಾಂತ್ಯದಲ್ಲಿ, ಉತ್ತರ ಕೊರಿಯಾದ ಗಡಿಗೆ ಸಮೀಪದಲ್ಲಿರುವ ಗುಡ್ಡಗಾಡು ಪ್ರದೇಶ. 2003ರಲ್ಲಿ ಅಲ್ಲಿನವರು ಆರಂಭಿಸಿದ ಸಾನ್‌ಚೊನೊ ಹಬ್ಬ ಈಗ ಪ್ರತಿ ಜನವರಿಯಲ್ಲಿ ಸುಮಾರು ಮೂರು ವಾರ ನಡೆಯುತ್ತದೆ. ಜನಸಂಖ್ಯೆ ಕಡಿಮೆಯಿರುವ ಆ ನಾಡಿಗೆ ಆ ಮೂರು ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ಹೋಗುತ್ತಾರೆ. ಸಾನ್‌ಚೊನೊ ಎಂದರೆ ಸಾಲ್ಮನ್ ಮತ್ತು ಟ್ರೌಟ್‌ಗಳ ಬಳಗಕ್ಕೆ ಸೇರಿದ, ಸಮುದ್ರಕ್ಕೆ ಹೋಗದೆ ಬೆಟ್ಟದ ತಣ್ಣನೆಯ ಹೊಳೆಗಳಲ್ಲಿಯೇ ಬದುಕು ಮುಗಿಸುವ ಮೀನು. ಹಬ್ಬಕ್ಕಾಗಿ ಸಾಕಿದ ಮೀನುಗಳನ್ನು ಹೊಳೆಗೆ ದಿನಕ್ಕೆ ಹಲವು ಬಾರಿ ಬಿಡುತ್ತಾರೆ. ಆದ್ದರಿಂದ ಮಂಜುಗಡ್ಡೆ ಕೊರೆಯುವ ಯಂತ್ರ, ಮೀನಿರುವ ಜಾಗದ ಅರಿವು, ಮಂಜಿನ ದಪ್ಪ ಅಳೆಯುವ ಅನುಭವ ಇವು ಯಾವುದೂ ಇಲ್ಲದ ಹೊಸಬರಿಗೆ ಕಲಿಯಲು ಇದಕ್ಕಿಂತ ಅನುಕೂಲವಾದ ಸ್ಥಳ ಸಿಗುವುದು ಕಷ್ಟ.

ಹೋಗುವ ದಿನವನ್ನು ಗೊತ್ತುಮಾಡುವಾಗ ಎರಡು ಸಂಗತಿಗಳನ್ನು ನೆನಪಿಡಬೇಕು. ಹಬ್ಬ ಹವೆಯನ್ನೇ ನಂಬಿರುವುದರಿಂದ ಪ್ರಕಟವಾದ ದಿನಾಂಕ ಕೊನೆಯ ಮಾತಲ್ಲ. 2020ರಲ್ಲಿ ಮಳೆ ಬಂದು ಹವೆ ಬೆಚ್ಚಗಾಗಿ, ಆರಂಭವನ್ನೇ ಜನವರಿಯ ಕೊನೆಯ ವಾರಕ್ಕೆ ಮುಂದೂಡಬೇಕಾಗಿ ಬಂದಿತ್ತು. ಆದಕಾರಣ ವಿಮಾನದ ಟಿಕೆಟನ್ನು ದಿನ ಬದಲಿಸಲು ಅವಕಾಶವಿರುವಂತೆ ತೆಗೆದುಕೊಳ್ಳುವುದು ಒಳ್ಳೆಯದು, ಹಾಗೂ ಹಬ್ಬದ ಮೊದಲ ಎರಡು ಮೂರು ದಿನಗಳನ್ನು ಬಿಟ್ಟು ನಡುವಿನ ವಾರವನ್ನು ಆರಿಸಿಕೊಳ್ಳಬೇಕು. ಇನ್ನೊಂದು, ಶನಿವಾರ ಮತ್ತು ಭಾನುವಾರ ಹೋಗಲೇಬಾರದು. ನಾವು ಮಂಗಳವಾರ ಹೋಗಿದ್ದೆವು. ಆದರೂ ನಮ್ಮ ದುಗ್ಗಮ್ಮನ ಜಾತ್ರೆಯ ನೆನಪು ತರುವಷ್ಟು ಜನರಿದ್ದರು.

ಭಾರತದ ಪಾಸ್‌ಪೋರ್ಟ್ ಇರುವವರು ಮುಂಚಿತವಾಗಿಯೇ ವೀಸಾ ಪಡೆಯಬೇಕು. ಬ್ಯಾಂಕಿನ ಲೆಕ್ಕಪತ್ರ, ಆದಾಯ ತೆರಿಗೆಯ ದಾಖಲೆ, ಹೋಗಿಬರುವ ವಿವರ ಇವನ್ನೆಲ್ಲ ದೀಪಾವಳಿಯ ಹೊತ್ತಿಗೇ ಜೋಡಿಸಿಕೊಂಡರೆ ಧಾವಂತವಿರುವುದಿಲ್ಲ. ನಾವು ಬೆಂಗಳೂರಿನಿಂದ ಸಿಂಗಪುರದ ಮೂಲಕ ಇಂಚೊನ್ ವಿಮಾನ ನಿಲ್ದಾಣ ಸೇರಿದೆವು. ರಾಜಧಾನಿ ಸೋಲ್‌ನ ಪೂರ್ವ ಭಾಗದ ಬಸ್ ನಿಲ್ದಾಣದಿಂದ ಹ್ವಾಚೊನ್‌ಗೆ ನೇರ ಬಸ್ಸುಗಳಿವೆ. ಚುನ್‌ಚೊನ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯಲೂಬಹುದು. ನಾವು ಚುನ್‌ಚೊನ್‌ನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಮೊದಲ ಬಸ್ಸುಗಳಲ್ಲೊಂದನ್ನು ಹತ್ತಿದೆವು. ಹಬ್ಬದ ದಿನಗಳಲ್ಲಿ ಹ್ವಾಚೊನ್‌ನಲ್ಲಿಯೇ ಕೊಠಡಿ ಹುಡುಕುವುದಕ್ಕಿಂತ ಇದು ಸುಲಭ. ದಾರಿ ನೋಡಲು ನಾವು ಇಲ್ಲಿ ಬಳಸುವ ಗೂಗಲ್ ಮ್ಯಾಪ್ ಅಲ್ಲಿ ಸರಿಯಾಗಿ ನೆರವಾಗುವುದಿಲ್ಲ. ನೇವರ್ ಮ್ಯಾಪ್ ಅನ್ನು ಮೊದಲೇ ಫೋನಿಗೆ ಹಾಕಿಕೊಂಡಿರಬೇಕು.

ಇನ್ನು ಉಡುಪಿನ ವಿಚಾರ. ಇದರಲ್ಲಿ ನಾನು ತಪ್ಪು ಮಾಡಿದ್ದೆನಾದ್ದರಿಂದ ವಿವರವಾಗಿಯೇ ಹೇಳುತ್ತೇನೆ. ದಾವಣಗೆರೆಯಲ್ಲಿ ಜನವರಿಯ ಬೆಳಗಿನ ಜಾವ 15 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಸುತ್ತಿಕೊಳ್ಳುತ್ತೇವೆ. ಹ್ವಾಚೊನ್‌ನಲ್ಲಿ ನಾವು ಬಸ್ಸಿನಿಂದ ಇಳಿದಾಗ ಫೋನಿನಲ್ಲಿ ಮೈನಸ್ 7 ಎಂದಿತ್ತು, ಅಲ್ಲಿನವರ ಪಾಲಿಗೆ ಅದು ಸಾಧಾರಣ ದಿನವಾಗಿತ್ತು. ಮೈಗೆ ನಾನು ದಪ್ಪನೆಯ ಜಾಕೆಟ್ ತೊಟ್ಟಿದ್ದೆ. ಆದರೆ ಕಾಲಿಗೆ ಮನೆಯಲ್ಲಿ ಹಾಕುವ ಹತ್ತಿಯ ಕಾಲುಚೀಲಗಳನ್ನೇ ಎರಡು ಜೊತೆ ಒಂದರ ಮೇಲೊಂದು ಹಾಕಿ, ವಾಕಿಂಗ್ ಶೂ ತೊಟ್ಟು ಹೋಗಿದ್ದೆ. ನಡೆಯುವಾಗ ಕಾಲು ಬೆವರಿತು, ಹತ್ತಿ ಆ ಬೆವರನ್ನು ಹೀರಿಕೊಂಡಿತು, ಮಂಜಿನ ಮೇಲೆ ನಿಂತ ಕೂಡಲೇ ಆ ತೇವವೇ ತಣ್ಣಗಾಯಿತು. ಎರಡು ಜೊತೆ ಸೇರಿ ಶೂ ಬಿಗಿಯಾಗಿದ್ದರಿಂದ ರಕ್ತ ಸಂಚಾರವೂ ಕುಂದಿ, ಅರ್ಧ ಗಂಟೆಯೊಳಗೆ ಬೆರಳುಗಳು ಇವೆಯೋ ಇಲ್ಲವೋ ಎಂಬುದೇ ತಿಳಿಯದಂತಾಯಿತು. ಆ ಹೆದರಿಕೆಯನ್ನು ಯಾರೂ ಅನುಭವಿಸಬಾರದು. ಉಣ್ಣೆಯ ಕಾಲುಚೀಲ ಒಂದೇ ಜೊತೆ ಸಾಕು. ಅದನ್ನು ತೊಟ್ಟ ಮೇಲೂ ಬೆರಳುಗಳನ್ನು ಆಡಿಸಲು ಜಾಗವಿರುವಂತೆ ಒಂದು ಅಳತೆ ದೊಡ್ಡದಾದ, ದಪ್ಪ ಅಟ್ಟೆಯ, ನೀರು ಒಳಬಿಡದ ಬೂಟು ಬೇಕು. ಜೀನ್ಸ್ ಬೇಡ. ಮಂಜಿನ ಮೇಲೆ ಮಂಡಿಯೂರುವುದು ತಪ್ಪುವುದಿಲ್ಲ, ಒದ್ದೆಯಾದ ಜೀನ್ಸ್ ಅಲ್ಲಿಯೇ ಬಿರುಸಾಗುತ್ತದೆ.

ಹಾಟ್‌ಪ್ಯಾಕ್ ಎಂಬ ಸಣ್ಣ ಬಿಸಿ ಚೀಲಗಳು ಅಲ್ಲಿ ಬೀದಿಬೀದಿಯ ಅಂಗಡಿಗಳಲ್ಲಿ ಸಿಗುತ್ತವೆ. ಒಳಗಿರುವುದು ಕಬ್ಬಿಣದ ಪುಡಿ. ಹೊದಿಕೆ ಬಿಚ್ಚಿದಾಗ ಗಾಳಿ ತಗುಲಿ ಅದು ತುಕ್ಕು ಹಿಡಿಯುತ್ತ ಗಂಟೆಗಟ್ಟಲೆ ಶಾಖ ಕೊಡುತ್ತದೆ. ಜೇಬಿನಲ್ಲಿಡುವುದು ಬೇರೆ, ಶೂವಿನೊಳಗೆ ಹಾಕುವುದು ಬೇರೆ, ನೋಡಿ ಕೊಳ್ಳಬೇಕು. ಬರಿಯ ಚರ್ಮಕ್ಕೆ ಅಂಟಿಸಬಾರದು, ತಿಳಿಯದಂತೆಯೇ ಸುಡುತ್ತದೆ. ಕುಳಿತುಕೊಳ್ಳಲು ಮಡಚುವ ಸಣ್ಣ ಸ್ಟೂಲ್, ಕಾಲ ಕೆಳಗೆ ಹಾಸಲು ಒಂದು ತುಂಡು ಫೋಮ್ ಇದ್ದರೆ ಅರ್ಧ ಚಳಿ ಕಳೆದಂತೆಯೇ.

ಹೊಳೆಯ ಬಳಿ ವಿದೇಶಿಯರಿಗೆಂದೇ ಪ್ರತ್ಯೇಕ ಕೌಂಟರ್ ಮತ್ತು ಮೀನು ಹಿಡಿಯುವ ಜಾಗವಿದೆ, ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ನಾವು ಹೋದಾಗ ದೊಡ್ಡವರಿಗೆ ಶುಲ್ಕ ಕೊರಿಯಾದ ಹಣದಲ್ಲಿ 15,000 ವಾನ್ ಇತ್ತು, ಅದರಲ್ಲಿ 5,000 ವಾನ್ ಬೆಲೆಯ ಚೀಟಿಯನ್ನು ಊರಿನ ಅಂಗಡಿಗಳಲ್ಲಿ ಖರ್ಚು ಮಾಡಲೆಂದು ಹಿಂತಿರುಗಿಸಿದರು. ಒಬ್ಬರಿಗೆ ಮೂರು ಮೀನು ಮಾತ್ರ ಎಂಬ ನಿಯಮವಿದೆ. ಗಾಳದ ಕೋಲು ಅಲ್ಲಿಯೇ ಸಿಗುವುದರಿಂದ ಇಲ್ಲಿಂದ ಏನನ್ನೂ ಹೊತ್ತೊಯ್ಯಬೇಕಾಗಿಲ್ಲ.

ಮಂಜಿನ ಮೇಲೆ ಮೊದಲ ಹೆಜ್ಜೆ ಇಡುವಾಗ ನನ್ನ ಪತ್ನಿ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಕಾಲಡಿ ಹೊಳೆ ಹರಿಯುತ್ತಿದೆ ಎಂದು ತಿಳಿದೂ ಸಾವಿರಾರು ಜನ ಅದರ ಮೇಲೆ ನಡೆದಾಡುವುದನ್ನು ನಂಬಲು ಮನಸ್ಸಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಮಂಜುಗಡ್ಡೆ ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲಿ ಚಾವಣಿಯಂತೆ ನಿಲ್ಲುತ್ತದೆ, ಅದರ ಕೆಳಗೆ ನೀರು ನೀರಾಗಿಯೇ ಉಳಿಯುತ್ತದೆ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ಟ್ರೌಟ್ ಬಳಗದ ಮೀನುಗಳಿಗೆ ಅದು ಹಿತವಾದ ಮನೆ. ಸಾಲುಸಾಲಾಗಿ ಕೊರೆದ ತೂತುಗಳು, ಒಂದೊಂದೂ ಒಂದು ಗೇಣಿಗಿಂತ ಕಡಿಮೆ ಅಗಲ. ಎಲ್ಲ ತೂತುಗಳ ಬಾಯಿಯಲ್ಲೂ ತೆಳುವಾದ ಮಂಜಿನ ಪೊರೆ ಮತ್ತೆ ಮತ್ತೆ ಕಟ್ಟುತ್ತದೆ. ಎಣ್ಣೆಯಿಂದ ಮಿರ್ಚಿ ಎತ್ತುವ ಜಾಲರಿ ಸೌಟಿನಂಥದ್ದೇ ಒಂದು ಸೌಟಿನಿಂದ ಅದನ್ನು ಎತ್ತಿ ಹಾಕುತ್ತಿರಬೇಕು.

ಇಲ್ಲಿಂದ ಮುಂದಿನದು ಈ ಬರಹದ ಮುಖ್ಯ ವಿಷಯ. ನಾನು ಕೋಲು ಹಿಡಿದು ದಾರವನ್ನು ಇಳಿಬಿಟ್ಟು, ತುಂಗಭದ್ರೆಯಲ್ಲಿ ಕಲಿತಂತೆಯೇ ಅಲುಗಾಡದೆ ಕುಳಿತೆ. ನಮ್ಮಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದೇ ಜಾಣತನ. ಕೈ ಅಲುಗಿದರೆ ದೊಡ್ಡವರು ಗದರುತ್ತಿದ್ದರು. ಒಂದೂವರೆ ಗಂಟೆ ಹಾಗೆಯೇ ಕುಳಿತೆ. ಸುತ್ತಮುತ್ತ ಮಕ್ಕಳು ಕೂಡ ಮೀನೆತ್ತುತ್ತಿದ್ದರು, ನನ್ನ ದಾರ ಮಾತ್ರ ಮಿಸುಕಲಿಲ್ಲ. ಪಕ್ಕದ ತೂತಿನ ಬಳಿ ಕುಳಿತಿದ್ದ ಕೊರಿಯಾದ ಹಿರಿಯರೊಬ್ಬರು ಬಹಳ ಹೊತ್ತು ನನ್ನನ್ನು ನೋಡಿ, ಕೊನೆಗೆ ಎದ್ದು ಬಂದು, ನನ್ನ ಮಣಿಕಟ್ಟನ್ನು ಹಿಡಿದು ಮೇಲಕ್ಕೊಮ್ಮೆ ಚಿಮ್ಮಿಸಿ ಕೆಳಗಿಳಿಸಿದರು. ನಮ್ಮ ಜೊತೆಗೆ ಬಂದಿದ್ದ ತಮ್ಮನ ಮಗ ನಕ್ಕು, “ದೊಡ್ಡಪ್ಪ, ಇದು ಎರೆಹುಳ ಅಲ್ರಿ, ತಗಡು. ಸುಮ್ನೆ ಬಿಟ್ರೆ ಮೀನಿಗೆ ಅದು ಕಲ್ಲಿದ್ದಂಗೆ. ಕೈ ಆಡಿಸ್ರಿ” ಎಂದ.

ಆ ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ಎರೆಹುಳುವಿಗೆ ವಾಸನೆಯಿದೆ, ಅದು ತಾನೇ ಮಿಡುಕುತ್ತದೆ, ಮೀನು ಹುಡುಕಿಕೊಂಡು ಬರುತ್ತದೆ. ಅಲ್ಲಿ ದಾರದ ತುದಿಗೆ ಕಟ್ಟುವುದು ಬೆರಳುದ್ದದ ಹೊಳೆಯುವ ಲೋಹದ ತುಂಡು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಇರುವ ಆಕರ್ಷಣೆಯೆಂದರೆ ಅದು ಬೀಳುವಾಗ ಗಾಯಗೊಂಡ ಮರಿಮೀನಿನಂತೆ ಓಲಾಡುವುದೊಂದೇ. ಆದ್ದರಿಂದ ಮೊದಲು ದಾರ ಸಡಿಲಾಗುವವರೆಗೆ ಇಳಿಬಿಟ್ಟು ತಳ ಮುಟ್ಟಿತೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಂದ ಒಂದು ಗೇಣು ಮೇಲೆತ್ತಿ, ಆ ಅಳತೆಗೆ ದಾರದ ಮೇಲೆ ಗುರುತು ಮಾಡಿಕೊಳ್ಳಬೇಕು. ಆಮೇಲೆ ಮಣಿಕಟ್ಟಿನಿಂದ ಒಂದು ಅಡಿಯಷ್ಟು ಚಿಮ್ಮಿಸಿ, ಬೀಳಲು ಬಿಟ್ಟು, ಎರಡು ಮೂರು ಎಣಿಸುವಷ್ಟು ಹೊತ್ತು ತಡೆದು, ಮತ್ತೆ ಚಿಮ್ಮಿಸಬೇಕು. ನನಗೆ ಮೀನು ಸಿಕ್ಕ ಎರಡು ಸಲವೂ ಅದು ಕಚ್ಚಿದ್ದು ತುಂಡು ಕೆಳಗೆ ಬಿದ್ದು ತಡೆದ ಆ ಕ್ಷಣದಲ್ಲಿಯೇ. ಕಚ್ಚಿದ ಮೇಲೆ ಗಾಬರಿಯಿಂದ ಜಗ್ಗಬಾರದು, ಸಡಿಲವನ್ನೂ ಬಿಡಬಾರದು. ಕೋಲನ್ನು ಬದಿಗಿಟ್ಟು ಎರಡೂ ಕೈಗಳಿಂದ ಬಾವಿಯ ಹಗ್ಗ ಸೇದಿದಂತೆ ಒಂದೇ ಸಮನೆ ಸೇದಬೇಕು. ಸೇದಿದ ದಾರ ಮಂಜಿನ ಮೇಲೆ ಬಿದ್ದೊಡನೆ ಅಂಟಿಕೊಳ್ಳುತ್ತದೆ, ಅದನ್ನು ತುಳಿಯದಂತೆ ನೋಡಿಕೊಳ್ಳಬೇಕು.

ತಳ ಎಲ್ಲಿದೆ ಎಂಬುದು ತಿಳಿಯದಿದ್ದರೆ ಇನ್ನೊಂದು ಉಪಾಯವಿದೆ. ಮಂಜಿನ ಮೇಲೆ ಬೋರಲು ಮಲಗಿ, ಬೆಳಕು ಬೀಳದಂತೆ ತಲೆಯ ಮೇಲೆ ಜಾಕೆಟ್ ಹೊದ್ದು, ತೂತಿನೊಳಗೆ ಇಣುಕುವುದು. ಅಲ್ಲಿ ಅನೇಕರು ಹೀಗೆಯೇ ಮಲಗಿರುತ್ತಾರೆ. ನಾನೂ ಮಲಗಿದೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಒಂದಾಳಿಗಿಂತ ತುಸು ಹೆಚ್ಚು ಆಳದ ತಿಳಿಹಸಿರು ನೀರು, ತಳದ ಉರುಟು ಕಲ್ಲುಗಳು, ಅವುಗಳ ಮೇಲೆ ಹಾದುಹೋಗುವ ಮೀನುಗಳ ನೆರಳು ಎಲ್ಲವೂ ಗಾಜಿನ ತೊಟ್ಟಿಯಲ್ಲಿಟ್ಟಂತೆ ಕಂಡವು. ಒಂದು ಮೀನು ನನ್ನ ತಗಡಿನ ಮುಂದೆ ಬಂದು ನಿಂತು, ಕಿವಿರನ್ನು ಆಡಿಸುತ್ತ ನೋಡಿ, ನಾನು ಕೈ ಅಲುಗಿಸದೆ ಇದ್ದುದರಿಂದ ಹೊರಳಿ ಹೋಯಿತು. ಹಿರಿಯರ ಪಾಠ ಕಣ್ಣಿಗೇ ಕಂಡಿತು.

ಮೊದಲನೆಯ ಮೀನು ಒಂದು ಗೇಣಿಗಿಂತ ಸ್ವಲ್ಪ ಉದ್ದವಿತ್ತು. ಬೆಳ್ಳಿಯ ಮೈ, ಪಕ್ಕೆಯುದ್ದಕ್ಕೂ ಕ್ರಯಪತ್ರದಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತುಗಳಂತೆ ನೀಲಿಗಪ್ಪು ಮಚ್ಚೆಗಳ ಸಾಲು. ಅದರ ಮೈಯಿಂದ ಇಳಿದ ನೀರು ಕೆಲವೇ ನಿಮಿಷಗಳಲ್ಲಿ ಕೆಳಗಿನ ಮಂಜಿನೊಂದಿಗೆ ಒಂದಾಯಿತು. ಗಾಳ ಬಿಡಿಸುವಾಗ ಕೈಗವಸು ತೆಗೆಯಬೇಕಾಗುತ್ತದೆ. ಒಣಬಟ್ಟೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ತಕ್ಷಣ ಕೈ ಒರೆಸಿಕೊಳ್ಳಬೇಕು. ಮೀನನ್ನು ಚೀಲದಲ್ಲಿ ಒದ್ದಾಡಲು ಬಿಡುವುದು ನನಗೆ ಸರಿಕಾಣಲಿಲ್ಲ. ತಲೆಯ ಮೇಲೆ ಒಂದೇ ಪೆಟ್ಟಿನಲ್ಲಿ ಮುಗಿಸಿದೆವು. ಈ ಹಬ್ಬದಲ್ಲಿ ಮೀನುಗಳಿಗೆ ಆಗುವ ಹಿಂಸೆಯ ಬಗ್ಗೆ ಕೊರಿಯಾದಲ್ಲಿಯೇ ಪ್ರಾಣಿದಯಾ ಸಂಘಟನೆಗಳು ಆಕ್ಷೇಪ ಎತ್ತಿವೆ, ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೂರಕ್ಕೆ ಅವಕಾಶವಿದ್ದರೂ ನಾನು ಎರಡಕ್ಕೆ ನಿಲ್ಲಿಸಿದೆ, ಏಕೆಂದರೆ ತಿನ್ನುವವರು ನಾನೂ ತಮ್ಮನ ಮಗನೂ ಇಬ್ಬರೇ ಇದ್ದೆವು.

ಹಿಡಿದ ಮೀನನ್ನು ಹತ್ತಿರದಲ್ಲಿಯೇ ಸುಟ್ಟುಕೊಡುವ ಜಾಗವಿದೆ. ಉಪ್ಪು ಸವರಿ, ಫಾಯಿಲ್ ಸುತ್ತಿ, ಬೆಂಕಿಯ ಗೂಡಿಗೆ ಇಡುತ್ತಾರೆ. ಹಸಿಯಾಗಿ ತೆಳುವಾಗಿ ಕೊಯ್ದು ತಿನ್ನುವ ರೂಢಿಯೂ ಅಲ್ಲಿದೆ. ಸಿಹಿನೀರಿನ ಮೀನಿನಲ್ಲಿ ಪರೋಪಜೀವಿಗಳಿರಬಹುದಾದ್ದರಿಂದ ನಮ್ಮಂತಹವರು ಬೇಯಿಸಿದ್ದನ್ನೇ ತಿನ್ನುವುದು ಕ್ಷೇಮ. ಮುಳ್ಳು ಕಡಿಮೆ, ಮಾಂಸ ಮೃದು. ನಮ್ಮ ಖಾರದ ಚಟ್ನಿಪುಡಿಯೊಡನೆ ಅದರ ರುಚಿ ಇಮ್ಮಡಿಯಾಯಿತು.

ನನ್ನ ಪತ್ನಿ ಸಸ್ಯಾಹಾರಿ. ಅಂಥವರು ತಿಳಿದಿರಬೇಕಾದದ್ದು ಇಷ್ಟು: ಬರಿಯ ತರಕಾರಿಯಂತೆ ಕಾಣುವ, ಕಿಮ್ಚಿ ಎಂಬ ಅಲ್ಲಿನ ಉಪ್ಪಿನಕಾಯಿಗೂ ಸಾಮಾನ್ಯವಾಗಿ ಸೀಗಡಿ ಅಥವಾ ಮೀನಿನ ಉಪ್ಪುಗೊಜ್ಜು ಸೇರಿಸಿರುತ್ತಾರೆ, ಸಾರುಗಳ ಬುಡದಲ್ಲಿಯೂ ಮೀನಿರುತ್ತದೆ. ಅವರು ಊರಿನಿಂದ ಒಯ್ದ ಅವಲಕ್ಕಿ, ಒಗ್ಗರಣೆ ಹಾಕಿದ ಮಂಡಕ್ಕಿ, ಎಳ್ಳುಬೆಲ್ಲ ಮತ್ತು ಫ್ಲಾಸ್ಕಿನ ಬಿಸಿನೀರು ಆ ದಿನವನ್ನು ಕಳೆಸಿದವು. ಸುಟ್ಟ ಸಿಹಿಗೆಣಸು ಮತ್ತು ಚೆಸ್ಟ್‌ನಟ್ ಬೀದಿಯಲ್ಲಿ ಸಿಗುತ್ತವೆ, ಅವನ್ನು ನಿಶ್ಚಿಂತೆಯಿಂದ ತಿನ್ನಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಬ್ಬದ ಜಾಗದಲ್ಲಿ ಮಂಜಿನ ದಪ್ಪವನ್ನು ಸಿಬ್ಬಂದಿ ಪರೀಕ್ಷಿಸಿಯೇ ಜನರನ್ನು ಬಿಡುತ್ತಾರೆ. ದಾರಿಯಲ್ಲಿ ಕಾಣುವ ಬೇರೆ ಕೆರೆಗಳ ಮೇಲೆ, ಎಷ್ಟೇ ಗಟ್ಟಿಯಾಗಿ ಕಂಡರೂ, ಫೋಟೋಗಾಗಿಯೂ ಕಾಲಿಡಬಾರದು. ಒಬ್ಬ ಮನುಷ್ಯ ನಡೆಯಲು ಕನಿಷ್ಠ 4 ಅಂಗುಲ ದಪ್ಪದ ಸ್ವಚ್ಛ, ಪಾರದರ್ಶಕ ಮಂಜುಗಡ್ಡೆ ಬೇಕೆಂದು ಬಲ್ಲವರು ಹೇಳುತ್ತಾರೆ. ಹಿಮ ಬೆರೆತು ಬಿಳಿಯಾದ ಮಂಜಿಗೆ ಅದರ ಅರ್ಧದಷ್ಟೇ ಬಲ. ಹರಿವಿರುವಲ್ಲಿ, ಸೇತುವೆಯ ಕಂಬಗಳ ಸುತ್ತ, ದಡದ ಜೊಂಡಿನ ಬಳಿ ಅದು ತೆಳುವಾಗಿರುತ್ತದೆ. ಸೂಳೆಕೆರೆಯಲ್ಲಿ ಈಜಿದವರೆಂಬ ಧೈರ್ಯ ಆ ತಣ್ಣೀರಿನಲ್ಲಿ ಕೆಲಸಕ್ಕೆ ಬಾರದು; ಬಿದ್ದ ಕೆಲವೇ ನಿಮಿಷಗಳಲ್ಲಿ ಕೈಕಾಲುಗಳು ಹೇಳಿದಂತೆ ಕೇಳುವುದಿಲ್ಲ.

ಬಸ್ ಬದಲಿಸುವ ಶ್ರಮ ಬೇಡವೆನ್ನುವ ವಯಸ್ಸಾದವರಿಗೆ, 2018ರ ಚಳಿಗಾಲದ ಒಲಿಂಪಿಕ್ಸ್ ನಡೆದ ಪ್ಯೊಂಗ್‌ಚಾಂಗ್‌ನ ಟ್ರೌಟ್ ಹಬ್ಬ ಹೆಚ್ಚು ಅನುಕೂಲ. ಸೋಲ್‌ನಿಂದ ವೇಗದ ರೈಲಿನಲ್ಲಿ ಜಿನ್‌ಬು ನಿಲ್ದಾಣಕ್ಕೆ ಹೋದರೆ ಹಬ್ಬದ ಹೊಳೆ ಸಮೀಪದಲ್ಲಿಯೇ ಇದೆ. ಅಲ್ಲಿ ಹಿಡಿಯುವುದು ನಮ್ಮ ಹಿಮಾಲಯದ ಹೊಳೆಗಳಿಗೂ ತಂದು ಬಿಟ್ಟಿರುವ ರೇನ್‌ಬೋ ಟ್ರೌಟ್. ಕೈ ಆಡಿಸುವ ವಿಧಾನ ಒಂದೇ.

ಮಧ್ಯಾಹ್ನ ಅಲ್ಲಿಯೇ ಅಂಗಡಿಯೊಂದರಲ್ಲಿ ಕೊಂಡ ಉಣ್ಣೆಯ ಕಾಲುಚೀಲ ಮತ್ತು ಬೂಟು ತೊಟ್ಟ ಮೇಲೆಯೇ ನನಗೆ ಆ ಎರಡು ಮೀನು ಸಿಕ್ಕಿದ್ದು. ಆ ಬೂಟು ಈಗ ನಮ್ಮ ಮನೆಯ ಅಟ್ಟದಲ್ಲಿದೆ, ಇಂಡಿಯಾದ ಅಳತೆಯಲ್ಲಿ 9. ಮುಂದಿನ ಜನವರಿಗೆ ಹೊರಡುವ ಇಬ್ಬರಲ್ಲಿ ಒಬ್ಬರ ಕಾಲು 8, ಅವರಿಗೆ ಅದನ್ನು ಕೊಡುವುದೆಂದು ಆಗಲೇ ಮಾತಾಗಿದೆ; ಇನ್ನೊಬ್ಬರು ಹೊರಡುವ ಮೊದಲೇ ಕೊಂಡುಕೊಳ್ಳಲಿ.